ಮೇ ಎಂಟರ ಸೂಜಿ

2024 ಮಾರ್ಚ್ 3
ಉತ್ತರದ ಜೈಲು, ಮರಗೆಲಸದ ವಿಭಾಗ

ಅಮ್ಮ,

ಇಲ್ಲಿ ಅಂಗಳದ ಮೂಲೆಯಲ್ಲಿ ಇನ್ನೂ ಹಿಮ ಬಿದ್ದುಕೊಂಡಿದೆ. ದಕ್ಷಿಣದ ಕಡಲತೀರದಲ್ಲಿ, ತೊಂಗ್ಯೊಂಗ್‌ನಲ್ಲಿ, ನೀವೆಲ್ಲ ಆಗಲೇ ದಪ್ಪ ಸ್ವೆಟರ್ ಬಿಚ್ಚಿಟ್ಟಿರಬೇಕು. ನಾನು ಊಟ ಮಾಡುತ್ತಿದ್ದೇನೆ, ನಿದ್ದೆಯೂ ಬರುತ್ತಿದೆ. ಪ್ರತಿ ಪತ್ರದಲ್ಲೂ ನೀನು ಮೊದಲು ಕೇಳುವುದು ಅವೆರಡನ್ನೇ ಆದ್ದರಿಂದ ಮೊದಲೇ ಹೇಳಿಬಿಟ್ಟೆ.

ನನ್ನ ಕೋಣೆಯಲ್ಲಿರುವ ಗೊಂಗ್ ಎಂಬ ಹಿರಿಯನ ವಿಷಯ ಬರೆದಿದ್ದೆನಲ್ಲ, ಅವನಿಗೆ ಜನವರಿಯಲ್ಲಿ ಸರ್ಪಸುತ್ತು ಆಯಿತು. ಎದೆಯ ಒಂದು ಬದಿಯಿಂದ ಬೆನ್ನಿನವರೆಗೆ ಗುಳ್ಳೆಗಳ ಸಾಲು. ಇಪ್ಪತ್ತು ವರ್ಷ ಮೀನು ಹಡಗಿನಲ್ಲಿ ದುಡಿದ ಗಟ್ಟಿ ಆಳು, ಕಂಬಳಿ ಕಚ್ಚಿಕೊಂಡು ಅತ್ತ. ಅಂಗಿ ತಾಗಿದರೂ ಪ್ರಾಣ ಹೋಗುತ್ತದೆ ಅನ್ನುತ್ತಿದ್ದ. ಐವತ್ತು ದಾಟಿದ ಯಾರಿಗೆ ಬೇಕಾದರೂ ಇದು ಬರಬಹುದು, ಆದರೆ ಇದಕ್ಕೊಂದು ಲಸಿಕೆ ಇದೆ ಎಂದು ಇಲ್ಲಿನ ಡಾಕ್ಟರು ಹೇಳಿದರು. ನಿನಗೆ ಅರವತ್ತಾರು.

ಈಗೆಲ್ಲ ಮೇ ಎಂಟಕ್ಕೆ, ಅಪ್ಪ ಅಮ್ಮಂದಿರ ದಿನಕ್ಕೆ, ಮಕ್ಕಳು ಕಾರ್ನೇಷನ್ ಹೂವಿನ ಜೊತೆ ಈ ಸೂಜಿಯನ್ನೂ ಹಾಕಿಸುತ್ತಾರಂತೆ. "ಹೆತ್ತವರ ಸೇವೆಗೊಂದು ಸೂಜಿ" ಎಂದು ಕ್ಲಿನಿಕ್ಕುಗಳು ಬ್ಯಾನರ್ ಕಟ್ಟುವುದನ್ನು ಟೀವಿಯಲ್ಲಿ ನೋಡಿದೆ. ಗೊಂಗ್‌ನ ಕಾಲದಲ್ಲಿ ಮೊದಲ ಸಂಬಳದಲ್ಲಿ ಅಮ್ಮನಿಗೊಂದು ಜೊತೆ ಕೆಂಪು ಒಳಉಡುಪು ತಂದರೆ ಮುಗಿಯುತ್ತಿತ್ತಂತೆ. ನಾನು ಅದನ್ನೂ ತರಲಿಲ್ಲ. ನನ್ನ ಮೊದಲ ಸಂಬಳ ಎಲ್ಲಿ ಹೋಯಿತು ಎಂಬುದು ನಿನಗಿಂತ ಚೆನ್ನಾಗಿ ಬಂದರಿನ ಹೆಂಡದಂಗಡಿಗೆ ಗೊತ್ತು.

ಇಲ್ಲಿ ಮೇಜಿನ ಖಾನೆ ಮಾಡಿದ್ದಕ್ಕೆ ಕೊಡುವ ಕೂಲಿಯನ್ನು ಉಳಿಸಿದ್ದೇನೆ. ಹೊರಗೆ ಕಳಿಸಲು ಅನುಮತಿಯೂ ಸಿಕ್ಕಿದೆ. ಬಸ್ ನಿಲ್ದಾಣದ ಹಿಂದಿನ ಕ್ಲಿನಿಕ್ಕಿಗೆ ಹೋಗಿ ಹಾಕಿಸಿಕೋ. ಬೇಡ ಅನ್ನಬೇಡ ಅಮ್ಮ. ಮೂವತ್ತೆಂಟು ವರ್ಷಕ್ಕೆ ನಾನು ನಿನಗೆ ಏನಾದರೂ ಕೊಡುತ್ತಿರುವುದು ಇದೇ ಮೊದಲು.

ಕಳೆದ ಸುಗ್ಗಿ ಹಬ್ಬದ ಮೇಲೆ ನೀನು ಭೇಟಿಗೆ ಬಂದಿಲ್ಲ. ಮಂಡಿ ನೋವು ಎಂದು ಬರೆದಿದ್ದೆ. ಇರಲಿ.

ಟೇಸಿಕ್


2024 ಮಾರ್ಚ್ 15
ತೊಂಗ್ಯೊಂಗ್ (ಕಾಪಿ ಪುಸ್ತಕದಲ್ಲಿ ಬರೆದ ಕರಡು)

ಟೇಸಿಕ್,

ನಿನ್ನ ಪತ್ರ ಓದಲು ನನಗೆ ಎರಡು ಸಂಜೆ ಹಿಡಿಯಿತು. ಅರವತ್ಮೂರಕ್ಕೆ ಅಕ್ಷರ ಕಲಿತವಳ ಓದು ಎಷ್ಟಾದೀತು. ಬರೆಯುವುದು ಇನ್ನೂ ನಿಧಾನ. ಮೊದಲು ಕಾಪಿ ಪುಸ್ತಕದಲ್ಲಿ ಕರಡು ಬರೆದು, ಆಮೇಲೆ ಒಳ್ಳೆಯ ಕಾಗದಕ್ಕೆ ನಕಲು ಮಾಡಬೇಕೆಂದು ಊರ ಹಾಲ್‌ನಲ್ಲಿ ಪಾಠ ಹೇಳುವ ಹುಡುಗಿಯ ಕಟ್ಟಪ್ಪಣೆ.

ಈ ವರ್ಷ ಕಡಲ ಸಿಂಪಿ ಚೆನ್ನಾಗಿ ಬಲಿತಿದೆ. ಬೆಳಿಗ್ಗೆ ನಾಲ್ಕಕ್ಕೆ ಶೆಡ್ಡಿಗೆ ಹೋಗಿ ನಿಂತರೆ ಮಧ್ಯಾಹ್ನದವರೆಗೂ ಚಿಪ್ಪು ಒಡೆದು ಮಾಂಸ ಬಿಡಿಸುವುದೇ ಕೆಲಸ. ಪಕ್ಕದಲ್ಲಿ ಎಂದಿನಂತೆ ಚಾಂಗ್‌ಹೋನ ಅಮ್ಮ. ಅವಳ ಚಾಕುವಿಗಿಂತ ಬಾಯಿ ಹರಿತ. ನಿನ್ನ ಸೂಜಿಯ ವಿಷಯ ಹೇಳಿದೆ. "ನನ್ ಮಗ ಬೂಸಾನ್‌ನಲ್ಲಿ ಬ್ಯಾಂಕ್ ಕೆಲಸದಲ್ಲಿದಾನೆ, ನಂಗೆ ಸೂಜಿ ಇರ್ಲಿ, ಒಂದು ಉಂಡೆ ದಾರಾನೂ ತಂದ್ಕೊಟ್ಟಿಲ್ಲ" ಅಂದಳು. ಶೆಡ್ಡಿನ ಹೆಂಗಸರೆಲ್ಲ ನಕ್ಕರು. ನಿನ್ನ ಹೆಸರೆತ್ತಿ ಜನ ನಕ್ಕು ಎಷ್ಟು ಕಾಲವಾಗಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಅನ್ನಲಿ.

ಏಪ್ರಿಲ್‌ನಲ್ಲಿ ಹಾಕಿಸಿಕೊಳ್ಳುತ್ತೇನೆ. ಊಟ ಬಿಡಬೇಡ.

ಇಲ್ಲಿ ಗೆರೆ ಎಳೆದಿದ್ದೇನೆ. ಇದರ ಕೆಳಗಿನದನ್ನು ನಕಲು ಮಾಡುವುದಿಲ್ಲ. ನಿನಗೆ ಹೇಳಲಾಗದ್ದನ್ನು ಎಲ್ಲಾದರೂ ಹೇಳಿಕೊಳ್ಳಬೇಕಲ್ಲ.

ನನಗಿರುವುದು ಮಂಡಿ ನೋವಲ್ಲ. ನಿನಗೆ ಶಿಕ್ಷೆಯಾದ ಚಳಿಗಾಲದಲ್ಲಿ ಬೆರಳಿನ ಗೆಣ್ಣುಗಳು ಊದಿದವು. ಆಮೇಲೆ ಕೆಮ್ಮಿದರೆ ರಕ್ತ ಬರತೊಡಗಿತು. ದೊಡ್ಡಾಸ್ಪತ್ರೆಯ ಡಾಕ್ಟರು ಏನೋ ಉದ್ದದ ಹೆಸರು ಹೇಳಿ, ನನ್ನ ಮುಖ ನೋಡಿ, ಬಿಡಿಸಿ ಹೇಳಿದರು. "ನಿಮ್ಮ ಮೈ ಕಾಯೋ ಸೈನ್ಯ ನಿಮ್ಮ ಮೇಲೇ ತಿರುಗಿಬಿದ್ದಿದೆ ಅಜ್ಜಿ. ಅದನ್ನ ಮಲಗಿಸೋ ಔಷಧಿ ಇವು." ಸೈನ್ಯ ಮಲಗಿದ ಮೇಲೆ ಕಳ್ಳ ನುಗ್ಗಿದರೆ ಎಂದು ಕೇಳಿದೆ. ಅದಕ್ಕೇ ಹುಷಾರಾಗಿರಿ ಅನ್ನುವುದು ಎಂದರು. ದಿನಕ್ಕೆ ಇಷ್ಟು ಮಾತ್ರೆ, ಸೋಮವಾರಕ್ಕೊಂದು ಬೇರೆ ಮಾತ್ರೆ, ಆರು ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಮಲಗಿಸಿ ರಕ್ತಕ್ಕೆ ಏರಿಸುವ ಔಷಧಿ. ಹೋದ ತಿಂಗಳೂ ಏರಿಸಿದರು. ನಿನ್ನ ಜೈಲಿಗೆ ಬರಲು ಮೂರು ಬಸ್ಸು ಬದಲಿಸಬೇಕು. ಕೆಮ್ಮುವವರ ನಡುವೆ ಅಷ್ಟು ಹೊತ್ತು ಕೂರಬೇಡಿ ಎಂದಿದ್ದಾರೆ.

ಇದನ್ನು ನಿನಗೆ ಹೇಗೆ ಹೇಳಲಿ? ವಿಚಾರಣೆಯ ಕಾಲದಲ್ಲಿ ಟವೆಲ್ಲಿನಲ್ಲಿ ನೀನು ಏನು ಮಾಡಿಕೊಳ್ಳಲು ಹೋಗಿದ್ದೆ ಎಂದು ಜೈಲಿನವರು ಫೋನ್ ಮಾಡಿ ಹೇಳಿದಾಗ ನಾನು ಶೆಡ್ಡಿನ ಒದ್ದೆ ನೆಲದ ಮೇಲೆ ಕುಸಿದು ಕೂತಿದ್ದೆ. ಅಮ್ಮನಿಗೆ ರೋಗ ಬಂದದ್ದು ತನ್ನ ಮೇಲಿನ ಕೊರಗಿನಿಂದಲೇ ಎಂದು ಅನಿಸಿದರೆ ನೀನು ಸುಮ್ಮನಿರುವವನಲ್ಲ. ನೀನು ಬದುಕಿ ಹೊರಗೆ ಬರಬೇಕು. ನನಗೆ ಇನ್ನೇನೂ ಬೇಡ.

ಸೂಜಿಯ ವಿಷಯಕ್ಕೆ ಡಾಕ್ಟರು ಏನೋ ಹೇಳಿದ್ದರು. ಜೀವ ಇರುವ ಲಸಿಕೆ ಬೇಡ, ಯಾವುದಕ್ಕೂ ನನ್ನನ್ನು ಕೇಳಿ ಎಂದು. ಶೀಶೆಯಲ್ಲಿ ಜೀವ ಹೇಗಿರುತ್ತದೆ, ಅದೇನು ಸಿಂಪಿಯೇ? ಒಂದು ಅಚ್ಚಿನ ಹಾಳೆಯನ್ನೂ ಕೊಟ್ಟಿದ್ದರು. ಅದರ ಅಕ್ಷರ ಇರುವೆ ಹರಿದಂತಿದೆ, ಮಡಿಸಿ ಡಬ್ಬಿಯಲ್ಲಿಟ್ಟಿದ್ದೇನೆ. ಆದರೆ ಅಕ್ಟೋಬರ್‌ನಲ್ಲಿ ಫ್ಲೂ ಸೂಜಿಗೆ ಅವರೇ ಒಪ್ಪಿದರು, ಎರಡು ವಾರ ಸೋಮವಾರದ ಮಾತ್ರೆ ಬಿಡಿ ಸಾಕು ಎಂದರು. ಇದಕ್ಕೂ ಹಾಗೇ ಇದ್ದೀತು. ಕೇಳೋಣವೆಂದು ಫೋನ್ ಮಾಡಿದೆ. ಒಂದು ಒತ್ತಿ, ಮೂರು ಒತ್ತಿ ಎಂದು ಯಂತ್ರ ಮಾತಾಡಿತು, ಒತ್ತಿದೆ, ಹಾಡು ಹಾಕಿ ಕೊನೆಗೆ ಕತ್ತರಿಸಿತು. ಡಾಕ್ಟರನ್ನು ಕಾಣುವ ಮುಂದಿನ ಸರದಿ ಇರುವುದು ಜೂನ್‌ನಲ್ಲಿ.


2024 ಮಾರ್ಚ್ 31
ಉತ್ತರದ ಜೈಲು

ಅಮ್ಮ,

ನೀನು ಒಪ್ಪಿದ ಪತ್ರವನ್ನು ಗೊಂಗ್‌ಗೆ ಓದಿ ಹೇಳಿದೆ. ಚಾಂಗ್‌ಹೋನ ಅಮ್ಮನ ಮಾತಿಗೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ಪಕ್ಕೆ ಇನ್ನೂ ನೋಯುತ್ತದೆ ಎಂದು ಬೈದ.

ಇಲ್ಲಿ ತಿಂಗಳಿಗೊಮ್ಮೆ ನಾವು ಪಶ್ಚಾತ್ತಾಪದ ಟಿಪ್ಪಣಿ ಬರೆದುಕೊಡಬೇಕು. ಎರಡು ವರ್ಷದಿಂದ ಒಂದೇ ಮಾತು ಬರೆಯುತ್ತಿದ್ದೆ: ಮುಂಜಾವಿನಲ್ಲಿ ಕುಡಿದ ಅಮಲು ಇಳಿಯದೆ ಸಿಂಪಿಯ ಲಾರಿ ಓಡಿಸಿದೆ, ಸೈಕಲ್ಲಿನಲ್ಲಿದ್ದ ಮುದುಕನಿಗೆ ಗುದ್ದಿದೆ, ನಿಲ್ಲಿಸದೆ ಹೋದೆ. ನಿಲ್ಲಿಸಿದ್ದರೆ ಬದುಕುತ್ತಿದ್ದನೋ ಏನೋ. ಈ ತಿಂಗಳು ಮೊದಲ ಬಾರಿಗೆ ಬೇರೆ ಏನನ್ನಾದರೂ ಬರೆಯಲು ಸಿಕ್ಕಿತು. ನನ್ನ ಕೈಯ ದುಡಿಮೆಯಿಂದ ಅಮ್ಮನಿಗೆ ಸೂಜಿ ಹಾಕಿಸುತ್ತಿದ್ದೇನೆ ಎಂದು ಬರೆದೆ. ಅಧಿಕಾರಿ ಓದಿ ತಲೆಯಾಡಿಸಿದರು. ಹಾಕಿಸಿಕೊಂಡ ಮೇಲೆ ಕ್ಲಿನಿಕ್ಕಿನವರು ಒಂದು ಚೀಟಿ ಕೊಡುತ್ತಾರಂತೆ. ಅದನ್ನು ಕಳಿಸು. ಗೋಡೆಗೆ ಅಂಟಿಸಿಕೊಳ್ಳುತ್ತೇನೆ.

ಒಂದು ಮಾತು. ನೀನು ಬಾರದಿರುವುದು ಮಂಡಿಗಾಗಿ ಅಲ್ಲ ಎಂದು ನನಗೆ ಗೊತ್ತು. ಆ ಮುದುಕನ ಮನೆ ಬಸ್ ನಿಲ್ದಾಣದ ದಾರಿಯಲ್ಲೇ ಇದೆ. ಕೊಲೆಗಾರನ ಅಮ್ಮ ಮಗನನ್ನು ನೋಡಲು ಹೊರಟಳು ಎಂದು ಅವರು ಆಡಿಕೊಳ್ಳುತ್ತಾರೆ. ನಾನು ತಪ್ಪು ತಿಳಿಯುವುದಿಲ್ಲ.

ಟೇಸಿಕ್


2024 ಏಪ್ರಿಲ್ 26
ತೊಂಗ್ಯೊಂಗ್ (ಕರಡು)

ಟೇಸಿಕ್,

ಸೂಜಿ ಹಾಕಿಸಿಕೊಂಡೆ. ಇಪ್ಪತ್ಮೂರನೇ ತಾರೀಕು. ಚೀಟಿ ಇದರೊಳಗಿದೆ. ಶೆಡ್ಡಿಗೆ ರಜ ಇದ್ದ ದಿನ ನಾವು ಐವರು ಹೆಂಗಸರು ಸಾಲಾಗಿ ಹೋದೆವು. ದಾರಿಯಲ್ಲಿ ಎಲ್ಲರೂ ನನ್ನನ್ನು ಮದುವೆ ಹೆಣ್ಣಿನ ಹಾಗೆ ಮುಂದೆ ಬಿಟ್ಟುಕೊಂಡು ನಡೆದರು. ಚಾಂಗ್‌ಹೋನ ಅಮ್ಮ ಕ್ಲಿನಿಕ್ಕಿನ ಹುಡುಗಿಗೆ, "ಇವಳ ಮಗ ಕಳಿಸಿದ್ದು ಕಣಮ್ಮ, ನೋವಾಗದ ಹಾಗೆ ಚುಚ್ಚು" ಎಂದು ತಾಕೀತು ಮಾಡಿದಳು. ನೋವಾಗಲಿಲ್ಲ. ಬರುವಾಗ ಎಲ್ಲರಿಗೂ ಬಿಸಿ ನೂಡಲ್ಸ್ ಕೊಡಿಸಿದೆ.

ಮುದುಕನ ಮನೆಯವರು ನನಗೆ ಏನೂ ಅಂದಿಲ್ಲ. ಆ ಮನೆಯ ಸೊಸೆ ಎದುರಾದರೆ ತಲೆ ತಗ್ಗಿಸುತ್ತಾಳೆ, ನಾನೂ ತಗ್ಗಿಸುತ್ತೇನೆ. ನೀನು ಇಲ್ಲದ್ದನ್ನು ಯೋಚಿಸಬೇಡ.

ಗೆರೆ.

ಕ್ಲಿನಿಕ್ಕಿನಲ್ಲಿ ಸೂಜಿಗೆ ಮುಂಚೆ ಒಂದು ಕಾಗದ ತುಂಬಿಸುತ್ತಾರೆ. ಅಕ್ಷರ ಸಣ್ಣದೆಂದು ಚಾಂಗ್‌ಹೋನ ಅಮ್ಮನೇ ಓದಿದಳು, ಅದೂ ಮೀನು ಹರಾಜು ಕೂಗುವ ದನಿಯಲ್ಲಿ. ಜ್ವರ ಇದೆಯಾ, ಇಲ್ಲ. ಅಲರ್ಜಿ ಇದೆಯಾ, ಇಲ್ಲ. "ಮೈಯ ರೋಗನಿರೋಧಕ ಶಕ್ತಿ ಕುಗ್ಗಿಸೋ ಔಷಧಿ ಏನಾದ್ರೂ ತಗೊಳ್ತಿದೀರಾ?" ಶೆಡ್ಡಿನ ನಾಲ್ವರೂ ಕಿವಿಯಾಗಿ ಕೂತಿದ್ದರು. ನಾನು ರಕ್ತ ಕೆಮ್ಮುತ್ತೇನೆ ಎಂದು ಗೊತ್ತಾದರೆ ಕ್ಷಯವೆಂದೇ ಊರೆಲ್ಲ ಹಬ್ಬುತ್ತದೆ, ತಿನ್ನುವ ವಸ್ತು ಮುಟ್ಟುವ ಕೆಲಸಕ್ಕೆ ಯಜಮಾನ ಮರುದಿನವೇ ಬೇಡ ಅನ್ನುತ್ತಾನೆ. ಊರ ಬಾಯಿಗೆ ಬೀಗ ಹಾಕುವವರು ಯಾರು? "ಇಲ್ಲ ಅನ್ನೇ ಬೇಗ, ಹೌದು ಅಂದ್ರೆ ವಾಪಸ್ ಕಳಿಸ್ತಾರೆ" ಎಂದು ಅವಳು ತಮಾಷೆಗೆ ತಿವಿದಳು. ಇಲ್ಲ ಅಂದೆ. ಅವಳೇ ಗುರುತು ಹಾಕಿದಳು.

ನರ್ಸು ಹುಡುಗಿ ಎರಡು ತರಹದ ಸೂಜಿ ಇದೆ ಎಂದಳು. ಒಂದು ದುಬಾರಿ, ಎರಡು ಸಲ ಹಾಕಬೇಕು, ಬೇರೆ ಕಾಯಿಲೆ ಇರುವವರಿಗೂ ಆಗುತ್ತದೆ. ಇನ್ನೊಂದು ಅಗ್ಗ, ಒಂದೇ ಸಲ. ನೀನು ಕಳಿಸಿದ್ದು ಅಗ್ಗದ್ದಕ್ಕೆ ಸರಿಯಾಗಿತ್ತು. ಮೇಲೆ ನನ್ನದನ್ನು ಹಾಕಿದರೆ ಅದು ನಿನ್ನ ಕೊಡುಗೆ ಹೇಗಾಗುತ್ತದೆ? ಅಗ್ಗದ್ದೇ ಸಾಕು ಅಂದೆ.

ಫ್ಲೂ ಸೂಜಿಗೆ ಸೋಮವಾರದ ಮಾತ್ರೆಯನ್ನಷ್ಟೇ ಬಿಟ್ಟಿದ್ದೆ. ಇದು ಅದಕ್ಕಿಂತ ದೊಡ್ಡ ಸೂಜಿ, ಹಾಗಾಗಿ ಹತ್ತು ದಿನದಿಂದ ಎಲ್ಲ ಮಾತ್ರೆಯನ್ನೂ ಬಿಟ್ಟಿದ್ದೇನೆ. ಕೈಬೆರಳು ಮಡಚಲು ಆಗುತ್ತಿಲ್ಲ, ಚಾಕು ಎರಡು ಸಲ ಜಾರಿತು. ಇನ್ನು ನಾಲ್ಕು ದಿನ ತಡೆದು ಮತ್ತೆ ಶುರು ಮಾಡುತ್ತೇನೆ.


2024 ಮೇ 13
ತೊಂಗ್ಯೊಂಗ್ (ಕರಡು)

ಟೇಸಿಕ್,

ಮೇ ಎಂಟಕ್ಕೆ ನಿನ್ನ ಕಾರ್ಡು ಬಂತು. ಕಾಗದದ ಕಾರ್ನೇಷನ್ ನೀನೇ ಮಾಡಿದ್ದು ಅಂದೆಯಲ್ಲ, ಕೋಟಿಗೆ ಸಿಕ್ಕಿಸಿಕೊಂಡೇ ಪಾಠಕ್ಕೆ ಹೋದೆ. ಟೀಚರ್ ಹುಡುಗಿ ಫೋಟೋ ತೆಗೆದಳು. ನಾನು ಆರಾಮವಾಗಿದ್ದೇನೆ.

ಗೆರೆ.

ಆರಾಮವಾಗಿಲ್ಲ. ಮೇ ಒಂಬತ್ತಕ್ಕೆ ಸೂಜಿ ಚುಚ್ಚಿದ ತೋಳಿನ ಸುತ್ತ ನೀರುಗುಳ್ಳೆ ಎದ್ದವು. ಸಿಂಪಿಯ ಚಿಪ್ಪು ಗೀರಿರಬೇಕು ಅಂದುಕೊಂಡೆ. ಮರುದಿನ ಹೊಟ್ಟೆ, ಬೆನ್ನು. ಇವತ್ತು ಮುಖ, ತಲೆಯ ಕೂದಲೊಳಗೆ, ಎಡಗಣ್ಣಿನ ರೆಪ್ಪೆಯ ಮೇಲೆ. ಜ್ವರ ಇಳಿಯುತ್ತಿಲ್ಲ. ಮೂರು ಮೆಟ್ಟಿಲು ಹತ್ತಿದರೆ ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ.

ಡಬ್ಬಿಯಿಂದ ಆ ಅಚ್ಚಿನ ಹಾಳೆಯನ್ನು ತೆಗೆದೆ. ಒಂದು ಕಣ್ಣಿನಲ್ಲಿ, ಬೆರಳಿಟ್ಟುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಸರ್ಪಸುತ್ತಿಗೆ ಎರಡು ಲಸಿಕೆ ಇವೆಯಂತೆ. ಒಂದರಲ್ಲಿ ರೋಗದ ಜೀವವನ್ನು ಸೊರಗಿಸಿ ಹಾಗೇ ಇಟ್ಟಿರುತ್ತಾರೆ, ಸೈನ್ಯ ಎಚ್ಚರವಿರುವ ಮೈ ಅದನ್ನು ಹೊಡೆದು ಕಲಿತುಕೊಳ್ಳುತ್ತದೆ. ನಿಮ್ಮಂಥವರಿಗೆ ಇದು ಕೂಡದು, ಇದೇ ರೋಗ ತರಬಹುದು ಎಂದು ಕಪ್ಪು ಅಕ್ಷರದಲ್ಲಿದೆ. ಮಾತ್ರೆ ಬಿಟ್ಟರೆ ಸಾಲದು, ಏರಿಸಿದ ಔಷಧಿ ತಿಂಗಳುಗಟ್ಟಲೆ ಮೈಯಲ್ಲಿರುತ್ತದೆ ಎಂದೂ ಇದೆ. ಮಾರ್ಚ್‌ನಲ್ಲೇ ಓದಬಹುದಿತ್ತು. ಅಕ್ಷರ ಕಲಿತು ಮೂರು ವರ್ಷವಾಯಿತು, ನಿನ್ನ ಪತ್ರ ಬಿಟ್ಟು ಬೇರೇನನ್ನೂ ಓದುವ ಆಸೆಯೇ ಆಗಲಿಲ್ಲ.

ನಿನ್ನ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ ಮಗಾ. ಸುಳ್ಳು ಹೇಳಿದ್ದು ನಾನು. ಆದರೆ ಇದು ನಿನಗೆ ಗೊತ್ತಾಗಬಾರದು. ಎರಡು ಸಾವನ್ನು ಹೊರುವಷ್ಟು ಗಟ್ಟಿಯಿಲ್ಲ ನೀನು. ನನಗೆ ಹೆದರಿಕೆ ಆಗುತ್ತಿದೆ.

ನಾಳೆ ಮೊದಲ ಬಸ್ಸಿಗೆ ದೊಡ್ಡಾಸ್ಪತ್ರೆಗೆ ಹೋಗುತ್ತೇನೆ. ಚಾಂಗ್‌ಹೋನ ಅಮ್ಮನನ್ನು ಕರೆದಿದ್ದೇನೆ. ಮೇಲಿನದನ್ನು ನಕಲು ಮಾಡಲು ಈಗ ಕೈ ಏಳುತ್ತಿಲ್ಲ. ಬಂದ ಮೇಲೆ ಮಾಡುತ್ತೇನೆ.


2024 ಜೂನ್ 9
ಉತ್ತರದ ಜೈಲು

ಅಮ್ಮ,

ಏಪ್ರಿಲ್ ಪತ್ರದ ಮೇಲೆ ನಿನ್ನಿಂದ ಏನೂ ಬಂದಿಲ್ಲ. ಕಾರ್ಡು ತಲುಪಿತೇ? ಚೀಟಿ ಗೋಡೆಯ ಮೇಲಿದೆ. ಹೊಸಬರು ಬಂದರೆ ಗೊಂಗ್ ನನಗಿಂತ ಮೊದಲು ಅದನ್ನು ತೋರಿಸುತ್ತಾನೆ. ಸಿಂಪಿಯ ಕಾಲ ಮುಗಿದಿದೆ, ಈಗ ನಿನಗೆ ಬಿಡುವಿರಬೇಕು. ಎರಡು ಸಾಲು ಬರೆ ಸಾಕು.

ಶರತ್ಕಾಲದಲ್ಲಿ ನನ್ನ ಬೇಗ ಬಿಡುಗಡೆಯ ವಿಚಾರಣೆ ಇದೆ. ಮನೆಯವರ ಪತ್ರಗಳನ್ನೂ ನೋಡುತ್ತಾರೆ.

ಟೇಸಿಕ್


2024 ಜೂನ್ 30
ಉತ್ತರದ ಜೈಲು

ಅಮ್ಮ,

ಎರಡು ತಿಂಗಳಾಯಿತು. ಫೋನ್ ಮಾಡಲು ಅವಕಾಶ ಸಿಕ್ಕಾಗ ಮಾಡಿದೆ, ಸ್ವಿಚ್ ಆಫ್.

ಯೋಚಿಸಲು ಇಲ್ಲಿ ಹೊತ್ತಿಗೇನೂ ಕೊರತೆಯಿಲ್ಲ. ಆ ಸೂಜಿಯೂ ನಿನಗೆ ಬೇಕಿರಲಿಲ್ಲ ಅನಿಸುತ್ತದೆ. ನಾಲ್ಕು ಜನರೆದುರು ಮಗನ ಕೊಡುಗೆ ಎಂದು ಹಾಕಿಸಿಕೊಂಡೆ, ಚೀಟಿ ಕಳಿಸಿದೆ, ಅಲ್ಲಿಗೆ ತೀರಿತು ಅಂದುಕೊಂಡೆಯಾ? ಮನೆಗೆ ಬಂದು ಅದು ಯಾವ ಕೈಯ ದುಡಿಮೆ ಎಂದು ನೆನಪಾಯಿತಾ? ಸೈಕಲ್ಲಿನ ಮುದುಕನಿಗೂ ಒಬ್ಬ ಮಗ ಇದ್ದಾನೆ, ಅವನು ಈ ಮೇ ಎಂಟಕ್ಕೆ ಯಾರಿಗೆ ಹೂ ಕೊಟ್ಟ ಎಂದು ಯೋಚಿಸಿದೆಯಾ? ನಾನು ಯೋಚಿಸಿದೆ.

ಅಸಹ್ಯವಾಗಿದ್ದರೆ ಹಾಗೆಂದೇ ಬರೆ. ನನ್ನಿಂದ ಏನನ್ನೂ ಮುಚ್ಚಿಡದ ಒಬ್ಬಳೇ ಒಬ್ಬಳು ನೀನು. ಸುಮ್ಮನಿರಬೇಡ ಅಮ್ಮ, ಅದೊಂದನ್ನು ಮಾಡಬೇಡ.

ಟೇಸಿಕ್


2024 ಜುಲೈ 8
ತೊಂಗ್ಯೊಂಗ್ (ಅದೇ ಕಾಪಿ ಪುಸ್ತಕ, ಬೇರೆ ಕೈಬರಹ)

ಟೇಸಿಕ್,

ನಾನು ಚಾಂಗ್‌ಹೋನ ಅಮ್ಮ. ಈ ಸುದ್ದಿಯನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನಿನ್ನ ಅಮ್ಮ, ನನ್ನ ಮಾಲ್‌ಸುನ್, ಜೂನ್ ಇಪ್ಪತ್ತೆಂಟರ ಬೆಳಿಗ್ಗೆ ಹೋಗಿಬಿಟ್ಟಳು. ನ್ಯುಮೋನಿಯಾ ಆಗಿತ್ತು. ಒಂದೂವರೆ ತಿಂಗಳು ಆಸ್ಪತ್ರೆಯಲ್ಲಿದ್ದಳು. ಡಾಕ್ಟರುಗಳು ಕೈಲಾದದ್ದನ್ನೆಲ್ಲ ಮಾಡಿದರು. ಕೊನೆಯ ವಾರ ನೋವಿರಲಿಲ್ಲ. ಯೋಸುವಿನಿಂದ ನಿನ್ನ ಸೋದರಮಾವ ಬಂದು ಆಸ್ಪತ್ರೆಯ ಕಾಗದಗಳಿಗೆ ಸಹಿ ಹಾಕಿದ. ಮೂರು ದಿನದ ಶೋಕದಲ್ಲಿ ಅವನೇ ನಿನ್ನ ಜಾಗದಲ್ಲಿ ನಿಂತ, ನನ್ನ ಚಾಂಗ್‌ಹೋ ಅವಳ ಫೋಟೋ ಹಿಡಿದು ಮುಂದೆ ನಡೆದ. ಶೆಡ್ಡಿನವರೆಲ್ಲ ಬಂದಿದ್ದರು. ಬೂದಿಯನ್ನು ಗುಡ್ಡದ ಮೇಲಿನ ದೇವಾಲಯದಲ್ಲಿ ಇಟ್ಟಿದ್ದೇವೆ.

ನಿನಗೆ ಮೊದಲೇ ತಿಳಿಸದಿರುವುದು ಅವಳದೇ ಮಾತು. ಕೈಗೆ ಬೇಡಿ, ಪಕ್ಕದಲ್ಲಿ ಪೊಲೀಸು, ಆ ರೀತಿ ಊರಿನೊಳಗೆ ಬರುವುದು ಬೇಡ ಎಂದಳು. ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಳು. ಬೈಯುವುದಿದ್ದರೆ ನನ್ನನ್ನು ಬಯ್ಯಿ. ಬೀಗ ಹಾಕಿದ ಅವಳ ಮನೆಗೆ ಬಂದ ನಿನ್ನ ಕೊನೆಯ ಎರಡು ಪತ್ರ ಅವಳು ಹೋದ ಮೇಲೆ ನನ್ನ ಕೈ ಸೇರಿದವು. ಅವಳು ನಿನ್ನ ಬಗ್ಗೆ ಅಸಹ್ಯಪಟ್ಟ ಒಂದೇ ಒಂದು ದಿನವನ್ನೂ ನಾನು ನೋಡಿಲ್ಲ. ಇಪ್ಪತ್ತು ವರ್ಷ ಪಕ್ಕದಲ್ಲಿ ನಿಂತವಳ ಮಾತು ಇದು, ನಂಬು.

ಮಾಲ್‌ಸುನ್, ಇಲ್ಲಿ ನಾನೂ ಗೆರೆ ಎಳೆದೆ.

ನಿನ್ನ ಪುಸ್ತಕ ಓದಿಬಿಟ್ಟೆ, ತಪ್ಪಾಯಿತು. ನೀನು ಹೇಳಿದ ಹಾಗೆಯೇ ಬರೆದಿದ್ದೇನೆ. ನ್ಯುಮೋನಿಯಾ ಎಂದದ್ದು ಪೂರ್ತಿ ಸುಳ್ಳೂ ಅಲ್ಲ, ಗುಳ್ಳೆಯ ರೋಗವೇ ಶ್ವಾಸಕೋಶಕ್ಕೆ ಇಳಿಯಿತೆಂದು ಡಾಕ್ಟರು ಹೇಳಿದರು. ಮೊದಲ ಗುಳ್ಳೆಗೇ ಬಂದಿದ್ದರೆ ಉಳಿಸಬಹುದಿತ್ತು ಎಂದರು. ಮಗನನ್ನು ಕರೆಸಿದ್ದರೆ ನಿನ್ನ ಮುಖದ ಗುಳ್ಳೆ ನೋಡಿದ ಕೂಡಲೇ ಏನೆಂದು ಕೇಳುತ್ತಿದ್ದ. ಅದಕ್ಕೇ ಬಾರದಿರಲಿ ಎಂದೆಯಲ್ಲ, ಬೇಡಿಯ ಮಾತು ನೆಪ. ಮಗ ಇದ್ದೂ ಮಗನ ಕೈಯಲ್ಲಿ ಬೆಂಕಿಗೆ ಹೋಗಲಿಲ್ಲ ನೀನು.

ಇಲ್ಲ ಅನ್ನು ಬೇಗ ಎಂದವಳು ನಾನು. ಆ ಗುರುತು ಹಾಕಿದ ಪೆನ್ನು ನನ್ನ ಕೈಯಲ್ಲಿತ್ತು. ನನಗೊಬ್ಬಳಿಗಾದರೂ ಹೇಳಬಾರದಿತ್ತೇನೆ? ದುಬಾರಿ ಸೂಜಿಗೆ ನಾನು ಕೊಡುತ್ತಿರಲಿಲ್ಲವೇ, ಅದನ್ನೂ ಮಗನ ಹೆಸರಲ್ಲೇ ಹಾಕಿಸುತ್ತಿದ್ದೆ. ದಿನಕ್ಕೆ ಎಂಟು ಗಂಟೆ ಭುಜಕ್ಕೆ ಭುಜ ತಾಗಿಸಿ ನಿಂತವಳಿಗೆ ಕ್ಷಯವಂತೂ ಅಂಟುವುದು ಎಂದೋ ಅಂಟಿರುತ್ತಿತ್ತು. ನಿನ್ನ ಮೇಲೆ ಬಹಳ ಸಿಟ್ಟಿದೆ ನನಗೆ.

ಇನ್ನೊಂದು ಚಿಂತೆ. ಮರಣಪತ್ರದಲ್ಲಿ ಡಾಕ್ಟರು ಇದ್ದದ್ದನ್ನು ಇದ್ದಂತೆ ಬರೆದಿದ್ದಾರೆ, ಲಸಿಕೆಯ ಹೆಸರಿನ ಸಮೇತ. ಅದನ್ನು ಅಳಿಸುವುದು ನನ್ನಿಂದ ಆಗದು. ಆಸ್ತಿ, ಮನೆ ಎಂದು ಅವನು ಹೊರಗೆ ಬಂದ ದಿನವೇ ಊರಿನ ಆಫೀಸಿಗೆ ಹೋಗುತ್ತಾನೆ, ಅವರು ಅದರ ಪ್ರತಿಯನ್ನು ಕೈಗೆ ಕೊಡುತ್ತಾರೆ.


2024 ಜುಲೈ 24
ಉತ್ತರದ ಜೈಲು

ಚಿಕ್ಕಮ್ಮ,

ನಿಮ್ಮ ಪತ್ರ ಓದಿದ ಮೇಲೆ ನನ್ನನ್ನು ಕ್ಯಾಮೆರಾ ಇರುವ ಕೋಣೆಗೆ ಹಾಕಿದರು. ಟವೆಲ್, ಷೂ ಲೇಸು ತೆಗೆದುಕೊಂಡು ಹೋದರು. ಹತ್ತು ದಿನ ಇದ್ದೆ. ನಿಮ್ಮನ್ನು ಬೈದೆ. ಯಾರೂ ಇಲ್ಲದ ಕೋಣೆಯಲ್ಲಿ ಜೋರಾಗಿಯೇ ಬೈದೆ. ಮಗನೊಬ್ಬ ಬದುಕಿರುವಾಗ ಅವಳ ತಮ್ಮನ ಕೈಯಲ್ಲಿ ಕಳಿಸಿದಿರಿ. ಬೇಡಿ ಹಾಕಿಕೊಂಡಾದರೂ ನಾನು ಬಂದು ಅವಳ ಕಾಲು ಮುಟ್ಟುತ್ತಿದ್ದೆ. ಅದನ್ನು ಕ್ಷಮಿಸಲು ನನಗೆ ಇನ್ನೂ ಆಗಿಲ್ಲ.

ಜೂನ್ ಮೂವತ್ತರ ನನ್ನ ಪತ್ರ ಅವಳು ಹೋಗಿ ಎರಡು ದಿನಕ್ಕೆ ಬರೆದದ್ದು. ಅದನ್ನು ಅವಳು ಓದಲಿಲ್ಲ ಎಂಬುದಷ್ಟೇ ಸಮಾಧಾನ. ದಯವಿಟ್ಟು ಸುಟ್ಟುಬಿಡಿ.

ಈಗ ಹಳೆಯ ಕೋಣೆಗೆ ವಾಪಸು ಬಂದಿದ್ದೇನೆ. ಹೆದರಬೇಡಿ, ಆ ಕೆಲಸ ಮಾಡಿಕೊಳ್ಳುವುದಿಲ್ಲ. ಯಾಕೆಂದು ಹೇಳುತ್ತೇನೆ. ಆ ಕೋಣೆಯಲ್ಲಿ ಮಲಗಿ ನಾನು ಒಂದೇ ಮಾತು ಯೋಚಿಸುತ್ತಿದ್ದೆ: ಸೈಕಲ್ಲಿನ ಮುದುಕ ನನ್ನಿಂದ ಸತ್ತ, ಅಮ್ಮನೂ ನನ್ನಿಂದಲೇ ಕೊರಗಿ ಸತ್ತಳಾ? ವಾಪಸು ಬಂದಾಗ ಗೋಡೆಯ ಮೇಲೆ ಚೀಟಿ ಹಾಗೇ ಇತ್ತು. ಗೊಂಗ್ ಹೇಳಿದ, "ನಾನು ಪಟ್ಟ ನೋವು ನಿಮ್ಮಮ್ಮ ಪಡಲಿಲ್ಲ ಕಣೋ. ಅದನ್ನ ತಪ್ಪಿಸಿದ್ದು ನೀನು." ಅದನ್ನು ಹಿಡಿದುಕೊಂಡೇ ದಿನ ದೂಡುತ್ತಿದ್ದೇನೆ. ನ್ಯುಮೋನಿಯಾ ನನ್ನ ಕೈಯಲ್ಲಿ ಇರಲಿಲ್ಲ. ಜೀವಮಾನದಲ್ಲಿ ಅಮ್ಮನಿಗೆ ಒಂದು ಒಳ್ಳೆಯದು ಮಾಡಿದೆ, ಅದು ಆ ಸೂಜಿ.

ಒಂದು ಕೇಳಿಕೊಳ್ಳುತ್ತೇನೆ. ಮುಂದಿನ ಮೇ ಎಂಟಕ್ಕೆ ನಿಮಗೆ ಕಳಿಸಲೇ? ಚಾಂಗ್‌ಹೋ ಹಾಕಿಸಿಲ್ಲ ಎಂದು ಅಮ್ಮ ಬರೆದಿದ್ದಳು. ಅವಳಿಗೆ ಕಳಿಸಿದ ಹಾಗೇ ಅಂದುಕೊಳ್ಳುತ್ತೇನೆ.

ಟೇಸಿಕ್


2024 ಆಗಸ್ಟ್ 10
ತೊಂಗ್ಯೊಂಗ್

ಟೇಸಿಕ್,

ನಿನ್ನ ಪತ್ರವನ್ನು ಎಂಟು ದಿನ ಇಟ್ಟುಕೊಂಡಿದ್ದೆ. ಕ್ಷಮಿಸಬೇಡ, ನಾನೂ ಕೇಳುವುದಿಲ್ಲ. ನೀನು ಸುಡಲು ಹೇಳಿದ ಜೂನ್ ಪತ್ರವನ್ನು ಸುಟ್ಟೆ.

ಕಳಿಸಪ್ಪ. ಹಾಕಿಸಿಕೊಳ್ಳುತ್ತೇನೆ. ನನಗೆ ರಕ್ತದೊತ್ತಡ ಒಂದು ಬಿಟ್ಟರೆ ಬೇರೆ ಕಾಯಿಲೆಯಿಲ್ಲ, ಅದನ್ನು ಕ್ಲಿನಿಕ್ಕಿನವರಿಗೆ ಹೇಳುತ್ತೇನೆ. ಚೀಟಿಯನ್ನೂ ಕಳಿಸುತ್ತೇನೆ. ಚಾಂಗ್‌ಹೋಗೆ ಹೊಟ್ಟೆಕಿಚ್ಚಾಗಲಿ, ಅವನಿಗೂ ಬುದ್ಧಿ ಬರಲಿ.

ಗೊಂಗ್‌ಗೆ ನನ್ನ ನಮಸ್ಕಾರ ಹೇಳು. ನಿನ್ನ ಪಕ್ಕದಲ್ಲೇ ಮಲಗಲಿಕ್ಕೆ ಹೇಳು.

ಬೇಗ ಬಿಟ್ಟರೆ ಬೇಗ, ಇಲ್ಲದಿದ್ದರೆ ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲಿ, ನೀನು ಹೊರಗೆ ಬರುವ ದಿನ ನಾನೇ ಜೈಲಿನ ಬಾಗಿಲಿಗೆ ಬರುತ್ತೇನೆ. ಮೂರು ಬಸ್ಸು ಬದಲಿಸಬೇಕೆಂದು ಗೊತ್ತು. ಊರಿಗೆ ಬಂದ ಮೇಲೆ ಆಫೀಸು, ಕಾಗದ ಪತ್ರ ಅಂತ ಎಲ್ಲಿಗೂ ಹೋಗಬೇಡ. ಮಾವನ ಮನೆಗೂ ಬೇಡ, ಗುಡ್ಡದ ಮೇಲಕ್ಕೂ ಬೇಡ. ಮೊದಲು ನನ್ನ ಮನೆಗೆ ಬಾ. ಅನ್ನ, ಸಮುದ್ರ ಸೊಪ್ಪಿನ ಸಾರು ಮಾಡಿರುತ್ತೇನೆ. ಹೊಟ್ಟೆ ತುಂಬ ಉಣ್ಣು. ನಿನಗೆ ಹೇಳಬೇಕಾದದ್ದು ಒಂದಿದೆ, ಅದನ್ನು ನಾನು ಕಾಗದದಲ್ಲಿ ಬರೆಯುವುದಿಲ್ಲ. ಊಟ ಮುಗಿದ ಮೇಲೆ, ನಿನ್ನ ಎರಡೂ ಕೈ ಹಿಡಿದುಕೊಂಡು ಹೇಳುತ್ತೇನೆ.

ಚಾಂಗ್‌ಹೋನ ಅಮ್ಮ